ಬಾಗಲಕೋಟೆಯ ಊಟ

ಗದಗಿನ ನಿವೃತ್ತ ನೌಕರರು ಬಾದಾಮಿ, ಪಟ್ಟದಕಲ್ಲು ನೋಡಲು ಬಸ್ಸು ಗೊತ್ತುಮಾಡಿದ್ದರು. ಸಂಘದ ಅಧ್ಯಕ್ಷ ಗುರುಪಾದಪ್ಪನವರು ಕಟ್ಟಪ್ಪಣೆ ಹೊರಡಿಸಿದರು. ಮಧ್ಯಾಹ್ನದ ಊಟ ಬಾಗಲಕೋಟೆಯಲ್ಲಿ, ತಮ್ಮ ಬೀಗರ ಹೋಟೆಲಿನಲ್ಲೇ ಆಗಬೇಕು. ಅಷ್ಟು ದೂರ ಹೋಗಿಬಂದರೆ ಪಟ್ಟದಕಲ್ಲು ಮುಟ್ಟುವಾಗ ಕತ್ತಲಾಗುತ್ತದೆ. ಆದರೆ ಅಧ್ಯಕ್ಷರಿಗೆ ಎದುರಾಡುವವರು ಯಾರು?

ಪ್ರವಾಸದ ಏರ್ಪಾಡೆಲ್ಲ ಸಂಘದ ಜವಾನ ದಾವಲಸಾಬನದು. ಅವನು ತಲೆಯಾಡಿಸಿದ. "ಆಗಲಿರಿ ಸಾಹೇಬ್ರ. ಬಾದಾಮಿ ನೋಡಿ, ಬನಶಂಕರಿಗೆ ಕೈ ಮುಗದು, ಬಾಗಲಕೋಟಿಗೆ ಹೋಗೂಣ."

ಗುಹೆಗಳನ್ನು ಹತ್ತಿಳಿದು ಬನಶಂಕರಿ ಸೇರುವಾಗ ಹೊತ್ತು ನೆತ್ತಿಗೇರಿತ್ತು. ಗುಡಿಯ ಮುಂದೆ ರೊಟ್ಟಿಬುಟ್ಟಿ ಹೊತ್ತ ಹೆಂಗಸರು ಮುತ್ತಿಕೊಂಡರು. ದಾವಲಸಾಬ ಅವರಲ್ಲಿ ಹಿರಿಯಳಾದ ತುಳಸವ್ವನ ಕಿವಿಯಲ್ಲಿ ಹೇಳಿದ, "ಆ ಸಾಹೇಬ್ರನ್ನ ಮಾತ್ರ ಕೇಳಬ್ಯಾಡವ್ವಾ. ಅವರು ಹೋಟೆಲ್ ಊಟದವರು. ನಿನ್ನ ರೊಟ್ಟಿ ಅವರಿಗೆ ಹಿಡಸೂದಿಲ್ಲ."

ತುಳಸವ್ವ ಸುಮ್ಮನಿರುವಳೆ? ನೇರ ಹೋಗಿ ಅಧ್ಯಕ್ಷರ ಮುಂದೆ ಬುಟ್ಟಿ ಇಳಿಸಿದಳು. "ಹಿಡಸಲಿಲ್ಲಂದ್ರ ರೊಕ್ಕ ಕೊಡಬ್ಯಾಡ್ರಿ" ಎಂದು ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಪುಡಿ, ಗಡಿಗೆಯ ಮೊಸರು ಬಡಿಸಿಯೇಬಿಟ್ಟಳು. ಬೇಡವೆನ್ನುವ ಮೊದಲು ಒಂದು ತುತ್ತು ರುಚಿ ನೋಡೋಣವೆಂದು ಅಧ್ಯಕ್ಷರು ಕೈಹಾಕಿದರು. ಆಮೇಲೆ ಅವರು ಬಾಯಿಬಿಟ್ಟದ್ದು ಇನ್ನೊಂದು ರೊಟ್ಟಿ ಕೇಳಲು ಮಾತ್ರ. ಅವರು ಕೂತದ್ದು ಕಂಡು ಉಳಿದವರೂ ಕೂತರು.

ಎಲ್ಲರ ಊಟ ಮುಗಿದ ಮೇಲೆ ದಾವಲಸಾಬ ಕೈಕಟ್ಟಿ ನಿಂತ. "ಸಾಹೇಬ್ರ, ಬಾಗಲಕೋಟಿ ಊಟಕ್ಕ ಹೊತ್ತಾಗೇತ್ರಿ."

ಅಧ್ಯಕ್ಷರು ಬೆರಳು ನೆಕ್ಕುತ್ತ ಗದರಿದರು. "ನಾವು ಗುಡಿ ನೋಡಾಕ ಬಂದೀವೋ, ತಿನ್ನಾಕ ಬಂದೀವೋ? ಪಟ್ಟದಕಲ್ಲಿಗೆ ನಡಿ."

ಆ ದಿನ ಪಟ್ಟದಕಲ್ಲನ್ನು ಬಿಸಿಲಿರುವಾಗಲೇ ಕಂಡವರೆಲ್ಲ ಅಧ್ಯಕ್ಷರ ದೂರದೃಷ್ಟಿಯನ್ನು ಹೊಗಳಿದರು. ಎಲ್ಲರಿಗಿಂತ ಹೆಚ್ಚು ಹೊಗಳಿದವನು ದಾವಲಸಾಬ.