ಗಂಧದ ಸಸಿಗೆ ತೊಗರಿಯ ಜೊತೆ

ಇನ್ನಷ್ಟು ಹತ್ತಿರ ಬಂದು ಕೂತ್ಕೊಳ್ಳಿ, ಇದು ಮರಗಳ ಕಥೆ. ಕಗ್ಗಲಿಪುರ ಅಂತ ಒಂದು ರಾಜ್ಯ ಇತ್ತು. ಅಲ್ಲಿನ ಅರಸನಿಗೆ ಮರದ ಹುಚ್ಚು. ದೇಶದೇಶದ ಸಸಿ ತರಿಸಿ ಊರಗಲದ ತೋಟ ಮಾಡಿಸಿದ್ದ. ಒಂದೊಂದು ಮರಕ್ಕೂ ಹೆಸರಿನ ಹಲಗೆ. ಯಾರು ಬೇಕಾದರೂ ಬರಬಹುದು, ನೋಡಬಹುದು, ನೆರಳಲ್ಲಿ ಬುತ್ತಿ ಬಿಚ್ಚಿ ಉಣ್ಣಬಹುದು.

ಮರಗಳನ್ನು ಸಾಕುತ್ತಿದ್ದವಳು ಮುನಿಯಕ್ಕ. ಅವಳ ಮೇಲೆ ದರ್ಬಾರು ಮಾಡೋಕೆ ಸಿದ್ಧರಸ ಅನ್ನೋ ಅಧಿಕಾರಿ. ಅವನಿಗೆ ಬೇವು ಯಾವುದು, ಹೊಂಗೆ ಯಾವುದು ಗೊತ್ತಿಲ್ಲ. ಗಂಧದ ಬೆಲೆ ಮಾತ್ರ ಚೆನ್ನಾಗಿ ಗೊತ್ತು.

ರಾಜ್ಯದ ಗಂಧದ ಮರಗಳೆಲ್ಲ ಕೊಡಲಿಗೆ ಹೋಗಿ, ಒಂದೇ ಒಂದು ಸಸಿ ಉಳಿದಿತ್ತು. ತೋಟದ ನಡುವೆ, ಗೇಣುದ್ದ. ಅದನ್ನು ನೋಡೋಕೆ ಅಂತಲೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಒಂದು ದಿನ ಬೆಳಿಗ್ಗೆ ನೋಡಿದರೆ ಸಸಿ ಇಲ್ಲ, ಗುಂಡಿ ಇದೆ.

“ಕಂಡಕಂಡವರನ್ನೆಲ್ಲ ಒಳಗೆ ಬಿಟ್ಟರೆ ಇನ್ನೇನಾಗತ್ತೆ ಬುದ್ಧಿ? ಮುನಿಯಕ್ಕನೇ ಯಾರಿಗೋ ಕೊಟ್ಟಿರಬೇಕು,” ಅಂದ ಸಿದ್ಧರಸ.

ಅರಸನಿಗೆ ಸಂಕಟ, ಸಿಟ್ಟು. ತೋಟದ ಬಾಗಿಲು ಹಾಕಿಸಿಬಿಟ್ಟ. “ಮೂರು ವಾರದಲ್ಲಿ ಸಸಿ ಸಿಗದಿದ್ದರೆ ಈ ಬಾಗಿಲು ಮತ್ತೆ ತೆಗೆಯಲ್ಲ. ನೀನೂ ರಾಜ್ಯ ಬಿಡಬೇಕು ಮುನಿಯಕ್ಕ.”

ಮುನಿಯಕ್ಕ ಅಳುತ್ತಾ ಹೊರಟಳು. ಬಾವಿಕಟ್ಟೆಯಲ್ಲಿ ಕೂತು ಅತ್ತಳು. ಸಂತೆಯಲ್ಲಿ ನಿಂತು ಅತ್ತಳು. ಅರಮನೆ ಬಾಗಿಲಲ್ಲೂ ಅತ್ತಳು. ಮೂರು ಕಡೆಯೂ ಒಂದೇ ಮಾತು:

“ನನ್ನ ಗಂಧದ ಸಸಿ ಒಂಟಿಯಾಗಿ ಬದುಕಲ್ಲ ಕಣ್ರಪ್ಪಾ. ಪಕ್ಕದ ಗಿಡದ ಬೇರು ಹಿಡಿದೇ ಅದು ಉಣ್ಣೋದು. ತೋಟದಿಂದ ಕಿತ್ತಮೇಲೆ ಸುತ್ತ ಮೂರು ತೊಗರಿ ಗಿಡನಾದ್ರೂ ಹಾಕದಿದ್ದರೆ ಒಣಗಿಹೋಗತ್ತೆ. ಕದ್ದೋರಿಗೆ ಇದನ್ನ ಯಾರು ಹೇಳ್ತಾರೆ?”

ಅವಳೇ ಹೇಳಿದಳಲ್ಲ, ಊರಿಗೆಲ್ಲ ಕೇಳೋ ಹಾಗೆ. ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ.

ಮೂರನೇ ವಾರ ಅರಸನ ಹತ್ತಿರ ಹೋದಳು. “ಬುದ್ಧಿ, ಹೋಗೋ ಮುಂಚೆ ದೊಡ್ಡೋರ ಹಿತ್ತಲಿನ ಹೂಗಿಡ ನೋಡೋ ಆಸೆ. ನೀವೂ ಬನ್ನಿ.”

ದಳವಾಯಿಯ ಹಿತ್ತಲಿಗೆ ಹೋದರು. ಸೇವಂತಿಗೆ ಇತ್ತು. ಮಂತ್ರಿಯ ಹಿತ್ತಲಿಗೆ ಹೋದರು. ಸಂಪಿಗೆ ಇತ್ತು. ಸಿದ್ಧರಸನ ಹಿತ್ತಲಿಗೆ ಹೋದರು. ಮಲ್ಲಿಗೆ ಇತ್ತು. ಮಲ್ಲಿಗೆಯ ನಡುವೆ ಬೋರಲು ಹಾಕಿದ ಒಂದು ಬಿದಿರಿನ ಮಂಕರಿ. ಅದರ ಸುತ್ತ ಆಗತಾನೆ ಮೊಳೆತ ಮೂರು ತೊಗರಿ ಗಿಡ.

“ಇದೇನಯ್ಯಾ, ಹೂವಿನ ಮಧ್ಯೆ ತೊಗರಿ?” ಅಂದ ಅರಸ.

“ಮನೆಗೆ ಬೇಳೆ ಆಗ್ಲಿ ಅಂತ, ಬುದ್ಧಿ.”

“ಮೂರೇ ಗಿಡದಲ್ಲಾ?”

ಮುನಿಯಕ್ಕ ಮಂಕರಿ ಎತ್ತಿದಳು. ಸಸಿ ಹಳದಿಯಾಗಿತ್ತು, ಸೊರಗಿತ್ತು, ಆದರೆ ತುದಿಯಲ್ಲಿ ಎರಡೆಲೆ ಹಸಿರಾಗಿತ್ತು. ಅಷ್ಟು ದಿನ ಬೇಕಂತ ಅತ್ತವಳು ಈಗ ನಿಜವಾಗಿ ಅತ್ತಳು. ಅರಸನೂ ಕಣ್ಣೊರೆಸಿಕೊಂಡು, “ತಪ್ಪು ನನ್ನದೇ ಮುನಿಯಕ್ಕ,” ಅಂದ.

ಬೇರಿಗೆ ನೋವಾಗದ ಹಾಗೆ ಮಣ್ಣುಹೆಂಟೆಯ ಸಮೇತ ಸಸಿಯನ್ನೂ ತೊಗರಿಯನ್ನೂ ತೋಟಕ್ಕೆ ತಂದು ನೆಟ್ಟರು. ಬಾಗಿಲು ತೆಗೆದರು. ಹೊರಗೆ ಕಾದಿದ್ದ ಮಕ್ಕಳು ಒಳಗೆ ಓಡಿದರು. ಊರಿಗೇ ಉಸಿರು ಬಂದ ಹಾಗಾಯಿತು.

ಸಿದ್ಧರಸನಿಗೆ ಸೆರೆಮನೆ ಆಗಲಿಲ್ಲ. ಸಸಿಯ ಪಕ್ಕ ನಿಂತು, ಬಂದವರಿಗೆಲ್ಲ ಈ ಕಥೆ ಹೇಳೋ ಕೆಲಸ ಸಿಕ್ಕಿತು. ಕೊನೆಗೆ ಅವನು ತಪ್ಪದೆ ಹೇಳುತ್ತಿದ್ದ ಮಾತು ಇಷ್ಟೇ: “ಹತ್ತು ಜನರದ್ದನ್ನ ಕಿತ್ತು ಒಬ್ಬನೇ ಬಚ್ಚಿಟ್ಟರೆ ಅದು ಯಾರಿಗೂ ಉಳಿಯಲ್ಲ. ಎಲ್ಲರ ನಡುವೆ ಬಿಟ್ಟರೇ ಅದು ಬೆಳೆಯೋದು.”