ಬ್ಯಾಟರಿ ಜೀಪಿಗೆ ಬರೆದ ಎರಡು ಸಾಲು

ಕಾಡಂಚಿನ ಗೇಟು ಕಾಯುವ ಕೇತೇಗೌಡನ ಮುಂದೆ ರೇಂಜರ್ ಸಾಹೇಬರು ಅಭಿಪ್ರಾಯ ಬರೆಸುವ ದಪ್ಪ ಪುಸ್ತಕವೊಂದನ್ನು ಎಸೆದರು.

"ದಾರಿಯಿಲ್ಲದ ಕಡೆಯೂ ಓಡುವ ಬ್ಯಾಟರಿ ಜೀಪಿಗೆ ನಾಳೆ ಉದ್ಘಾಟನೆ. ಹೊಗೆಯಿಲ್ಲ, ಸದ್ದಿಲ್ಲ ಅಂತ ಬರಿ. ಕಾಡಿನವನೇ ಹೊಗಳಿದರೆ ಅದಕ್ಕೊಂದು ತೂಕ. ಬರೆಯದಿದ್ದರೆ ಕೆಲಸಕ್ಕೆ ಬರಬೇಡ."

"ಇದ್ದದ್ದನ್ನ ಬರೀತೀನಿ ಸ್ವಾಮಿ," ಅಂದ ಕೇತೇಗೌಡ. ಹಿಂದಿನ ವಾರ ಪರೀಕ್ಷೆಗೆಂದು ಓಡಿಸಿದಾಗ ಆ ಜೀಪಿನಡಿ ಸಿಕ್ಕ ಜಿಂಕೆಮರಿಯನ್ನು ಹೂತವನು ಅವನೇ. ಯಾರಿಗೂ ಹೇಳಬೇಡವೆಂದು ಗದರಿದವರು ಇದೇ ಸಾಹೇಬರು.

ಮರುದಿನ ಶಾಮಿಯಾನದಡಿ ಸಾಹೇಬರು ಪುಸ್ತಕ ಬಿಡಿಸಿ, ಕೇತೇಗೌಡ ಬರೆದದ್ದನ್ನು ಮೈಕಿನಲ್ಲಿ ಠೀವಿಯಿಂದ ಓದಿದರು: "ಈ ಜೀಪಿಗೆ ಹೊಗೆಯಿಲ್ಲ, ಸದ್ದಿಲ್ಲ." ಚಪ್ಪಾಳೆ ಬಿತ್ತು. ಅದೇ ಉಮೇದಿನಲ್ಲಿ ಮುಂದಿನ ಸಾಲೂ ಬಾಯಿಂದ ಜಾರಿತು: "ಸದ್ದು ಇದ್ದಿದ್ದರೆ ಜಿಂಕೆಮರಿ ಓಡಿಹೋಗಿ ಬದುಕಿಕೊಳ್ಳುತ್ತಿತ್ತು."

ಚಪ್ಪಾಳೆ ನಿಂತಿತು. "ಯಾವ ಜಿಂಕೆಮರಿ?" ಎಂದು ಎದುರಿಗೆ ಕೂತಿದ್ದ ಹೆಂಗಸೊಬ್ಬಳು ಕೇಳಿದಳು.

ಸಾಹೇಬರು ಹಣೆ ಒರೆಸಿಕೊಂಡರು. "ಅದು... ಅಕ್ಷರ ಸರಿಯಾಗಿ ಕಾಣ್ತಿಲ್ಲ."

"ಕಾಣದಿದ್ರೆ ಬನ್ನಿ ಸ್ವಾಮಿ, ಹೂತ ಜಾಗ ತೋರಿಸ್ತೀನಿ," ಅಂದ ಕೇತೇಗೌಡ.

ಅವತ್ತು ಜೀಪು ಹೊರಡಲಿಲ್ಲ. ಮಾರನೆಯ ದಿನ ಹೊರಟಿತು. ಗೇಟು ತೆಗೆದವನು ಮಾತ್ರ ಬೇರೆಯವನು.