ಹಿಂದೆ ನಿಂತವನ ಸೊಲ್ಲು

"ಗುರುಗಳೇ, ನಾಳೆಯಿಂದ ಪ್ರವಚನಕ್ಕೆ ನಾನೊಬ್ಬನೇ ಕೂರಲೇ?" ಎಂದು ಚೆನ್ನವೀರ ಕೇಳಿದ. ಮಠದ ಪ್ರವಚನದಲ್ಲಿ ದಿನವೂ ಗುರುಸಿದ್ಧಯ್ಯನೆಂಬ ವಯಸ್ಸಾದ ಓದುಗರು ಪುರಾಣದ ಪದ್ಯ ಓದುತ್ತಿದ್ದರು, ಚೆನ್ನವೀರ ಅದರ ಅರ್ಥ ಹೇಳುತ್ತಿದ್ದ. "ಜನ ಬರುವುದು ಅರ್ಥ ಕೇಳುವುದಕ್ಕೆ. ಗುರುಸಿದ್ಧಯ್ಯನವರ ಓದೋ, ಕುಂಟೆತ್ತಿನ ನಡಿಗೆ. ಅವರು ಒಂದು ಪದ್ಯ ಮುಗಿಸುವಷ್ಟರಲ್ಲಿ ಮುಂದೇನು ಹೇಳಬೇಕೆಂದು ನಾನು ಎರಡು ಸಲ ಯೋಚಿಸಿ ಆಗಿರುತ್ತದೆ."

ಗುರುಗಳು ಹೇಳಿದರು:

ಒಬ್ಬ ಗೀಗೀ ಪದದ ಹಾಡುಗಾರನಿದ್ದ. ಅವನು ದನಿ ಎತ್ತಿದರೆ ಆಚೆ ಹೊಲದವರೂ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಅವನ ಬೆನ್ನ ಹಿಂದೆ ತಮ್ಮ ನಿಲ್ಲುತ್ತಿದ್ದ. ಅಣ್ಣ ಒಂದು ನುಡಿ ಹಾಡಿ ಮುಗಿಸಿದೊಡನೆ ತಮ್ಮ ತುಂತುಣಿ ಮೀಟುತ್ತ "ಗೀಯ ಗಾ, ಗೀಯ ಗಾ" ಎಂದು ಸೊಲ್ಲು ಎತ್ತುವನು. ಇಪ್ಪತ್ತು ವರ್ಷ ಅವನು ಹಾಡಿದ್ದು ಅಷ್ಟೇ. ಪಾಪ, ಅವನದು ಒಡಕು ದನಿ.

ಹಾಡುಗಾರನ ಹೆಸರು ಬೆಳೆಯಿತು. ರೇಡಿಯೋದವರು ಕರೆದರು, ಊರೂರಲ್ಲಿ ಸನ್ಮಾನವಾಯಿತು. ಕೊನೆಗೆ ರಾಜಧಾನಿಯ ದೊಡ್ಡ ಸಭೆಯಿಂದ ಕರೆ ಬಂತು. ಹೊಗಳುವವರಿಗೇನು, ನಾಲಗೆಗೆ ಎಲುಬಿಲ್ಲ. "ನಿನ್ನಂಥವನಿಗೆ ಆ ಒಡಕು ದನಿ ಯಾಕಪ್ಪ?" ಎಂದರು. ಅವನಿಗೂ ಹೌದೆನ್ನಿಸಿತು. ಒಡಹುಟ್ಟಿದವನ ಬಗ್ಗೆ ನಾಚಿಕೆಯೂ ಆಯಿತು.

"ಈ ಸಲ ನಾನೊಬ್ಬನೇ ಹೋಗಿ ಬರುತ್ತೇನೆ" ಎಂದ.

ತಮ್ಮನಿಗೆ ನೋವಾಯಿತು. ಆದರೂ "ಆಗಲಿ ಅಣ್ಣಾ. ಅವಸರದಲ್ಲಿ ಹಾಡಬೇಡ" ಎಂದಷ್ಟೇ ಹೇಳಿದ.

ಸಭೆ ಕಿಕ್ಕಿರಿದಿತ್ತು. ಹಾಡುಗಾರ ಮೊದಲ ನುಡಿ ಹಾಡಿದ. ಜಾಗ ಖಾಲಿ ಬಿಡಬಾರದೆಂದು ಸೊಲ್ಲನ್ನೂ ತಾನೇ ಹಾಡಿದ. ಎರಡನೆಯ ನುಡಿಯೂ ಹೇಗೋ ಸಾಗಿತು. ಮೂರನೆಯದನ್ನು ಎತ್ತಿದಾಗ ಎದೆಯಲ್ಲಿ ಗಾಳಿಯೇ ಇಲ್ಲ. ನಡುವೆ ದನಿ ಕಡಿದುಹೋಯಿತು. ರೂಢಿಯಂತೆ ತಿರುಗಿ ನೋಡಿದ. ಹಿಂದೆ ಪರದೆ ಮಾತ್ರ ಇತ್ತು. ಪದ ಅಲ್ಲಿಗೇ ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿ ಅವನಿಗೆ ಅಳು ಬಂತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ತಮ್ಮನ ಸೊಲ್ಲಿನಲ್ಲಿ ಅಂಥದ್ದೇನಿತ್ತು?" ಎಂದು ಚೆನ್ನವೀರ ಕೇಳಿದ.

"ಏನೂ ಇರಲಿಲ್ಲ. ಅವನು ಹಾಡುವಷ್ಟು ಹೊತ್ತು ಇವನು ಉಸಿರು ಎಳೆದುಕೊಳ್ಳುತ್ತಿದ್ದ, ಅಷ್ಟೇ."

"ಇಪ್ಪತ್ತು ವರ್ಷವಾದರೂ ಅದು ತಿಳಿಯಲಿಲ್ಲವೇ? ಎಂಥ ದಡ್ಡ" ಎಂದು ಚೆನ್ನವೀರ ನಕ್ಕ.

ಗುರುಗಳು ನಗಲಿಲ್ಲ. "ಗುರುಸಿದ್ಧಯ್ಯ ಪದ್ಯ ಓದುವಾಗ ನೀನು ಏನು ಮಾಡುತ್ತಿರುತ್ತೀಯಪ್ಪ?" ಎಂದರು.